ಬೈಟೂ ಟೀಯೂ ಬೇರೆ ಲೋಟವೂ

ಯಶವಂತಪುರದ ಕೃಷಿ ಮಾರುಕಟ್ಟೆಯ ಪ್ರಾಂಗಣಕ್ಕೆ ನಸುಕಿನಲ್ಲಿ ಲಾರಿಗಳು ಬಂದು ನಿಲ್ಲುವ ಹೊತ್ತಿಗೆ ಅಲ್ಲಿಯ ಟೀ ಅಂಗಡಿಯ ಒಲೆಯೂ ಹೊತ್ತಿಕೊಂಡಿರುತ್ತದೆ. ಬೆನ್ನಮೇಲಿನ ಮೂಟೆಯನ್ನು ಇಳಿಸಿದ ಹಮಾಲಿ, ಆ ಮೂಟೆಯ ಸರಕನ್ನು ಕೊಳ್ಳಲು ಬಂದ ವರ್ತಕ, ರಾತ್ರಿಯೆಲ್ಲ ನಿದ್ದೆಗೆಟ್ಟು ಲಾರಿ ನಡೆಯಿಸಿದ ಚಾಲಕ, ಲೆಕ್ಕ ಬರೆಯುವ ಗುಮಾಸ್ತ, ಇವರೆಲ್ಲರೂ ಒಂದೇ ಹಲಗೆಯ ಮುಂದೆ ನಿಂತು, ಒಂದೇ ಪಾತ್ರೆಯಿಂದ ಸೋಸಿದ ಟೀಯನ್ನು ಒಂದೇ ಬಗೆಯ ಲೋಟದಲ್ಲಿ ಕುಡಿಯುತ್ತಾರೆ. ಇಬ್ಬರು ಸ್ನೇಹಿತರು ಕೂಡಿ ಬಂದರೆ 'ಬೈಟೂ' ಎಂಬ ಕೂಗು ಕೇಳಿಬರುತ್ತದೆ. ಒಬ್ಬನಿಗೆ ಸಾಲುವ ಟೀಯನ್ನು ಎರಡು ಲೋಟಗಳಿಗೆ ಸಮನಾಗಿ ಹೊಯ್ದು ಇಬ್ಬರ ಕೈಗೂ ಕೊಡುವ ಈ ಪದ್ಧತಿಯು ಬೆಂಗಳೂರಿನವರಿಗೆ ಎಷ್ಟು ಸಹಜವಾಗಿದೆಯೆಂದರೆ, ಅದರ ಹೆಸರು ಇಂಗ್ಲಿಷಿನದೆಂಬುದೇ ಮರೆತುಹೋಗಿದೆ.

ಅದೇ ಹೊತ್ತಿನಲ್ಲಿ ಹೆಬ್ಬಾಳ, ಆರ್.ಟಿ. ನಗರ, ಯಲಹಂಕ ಉಪನಗರಗಳ ಸುಶಿಕ್ಷಿತ ಮನೆಗಳಲ್ಲಿಯೂ ಟೀ ಸಿದ್ಧವಾಗುತ್ತಿರುತ್ತದೆ. ಮನೆಗೆಲಸದ ಹೆಂಗಸು ಬಂದು ಹಿಂದಿನ ರಾತ್ರಿಯ ಪಾತ್ರೆಗಳನ್ನು ತಿಕ್ಕಿ ತೊಳೆದು ಬೋರಲು ಹಾಕುತ್ತಾಳೆ. ನೆಲ ಗುಡಿಸಿ ಒರೆಸುತ್ತಾಳೆ. ಅವಳಿಗೂ ಟೀ ಉಂಟು. ಆದರೆ ಅದನ್ನು ಹೊಯ್ಯುವ ಲೋಟ ಬೇರೆ. ಆ ಲೋಟಕ್ಕೆ ಮನೆಯವರ ಲೋಟಗಳ ಸಾಲಿನಲ್ಲಿ ಸ್ಥಳವಿಲ್ಲ. ಪಾತ್ರೆ ತೊಳೆಯುವ 'ಯುಟಿಲಿಟಿ'ಯ ಕಿಟಕಿಯ ಮೇಲೋ, ಸೋಪಿನ ಡಬ್ಬಿಯ ಪಕ್ಕದಲ್ಲೋ ಅದು ಒಂಟಿಯಾಗಿ ಕೂತಿರುತ್ತದೆ. ಬಹುಮಟ್ಟಿಗೆ ಅದರ ಅಂಚು ಒಡೆದಿರುತ್ತದೆ, ಇಲ್ಲವೆ ಹಿಡಿ ಮುರಿದಿರುತ್ತದೆ. ಮನೆಯವರಿಗೆ ಬೇಡವಾದ ದಿನವೇ ಅದು ಅವಳದಾಯಿತು. ಅವಳು ಅದರಲ್ಲಿ ಟೀ ಕುಡಿದು, ತಾನೇ ತೊಳೆದು, ತಾನೇ ಅದನ್ನು ಅದರ ಮೂಲೆಗೆ ಸೇರಿಸಿ ಹೋಗುತ್ತಾಳೆ.

ಎಲ್ಲ ಮನೆಗಳಲ್ಲಿಯೂ ಹೀಗುಂಟೆಂದು ಹೇಳಿದರೆ ಅನ್ಯಾಯವಾದೀತು. ಒಂದೇ ಸಾಲಿನ ಲೋಟದಲ್ಲಿ ಎಲ್ಲರಿಗೂ ಹೊಯ್ದು ಕೊಡುವ ಮನೆಗಳು ಇವೆ. ಅವು ಹೆಚ್ಚುತ್ತಲೂ ಇರಬಹುದು. ಆದರೆ ಬೇರೆ ಲೋಟವಿರುವ ಮನೆಯನ್ನು ಹುಡುಕಲು ವಾಚಕರು ಬಹುದೂರ ಹೋಗಬೇಕಾಗಿಲ್ಲ. ಅನೇಕರಿಗೆ ನೆರೆಮನೆಯವರೆಗೂ ಹೋಗುವ ಶ್ರಮ ಬೀಳದು. ಬೀದಿಯು ಒಂದನ್ನು ಎರಡು ಮಾಡಿ ಹಂಚಿಕೊಳ್ಳುತ್ತಿರುವಾಗ, ಮನೆಯು ಒಂದೇ ಪಾತ್ರೆಯ ಟೀಯನ್ನು ಎರಡು ಕುಲಗಳಾಗಿ ಒಡೆಯುತ್ತಿರುವುದೇಕೆ? ಓದುಬರಹ ಬಲ್ಲ ಜನ ಇದಕ್ಕೆ ಉತ್ತರ ಕೊಡತಕ್ಕವರು.

ಟೀಯ ಚರಿತ್ರೆಯನ್ನು ತಿಳಿದವರಿಗೆ ಈ ವಿಷಯವು ಇನ್ನಷ್ಟು ವಿಚಿತ್ರವಾಗಿ ತೋರುವುದು. ಈ ಪಾನೀಯವು ಹರಡಿದ ದೇಶಗಳಲ್ಲೆಲ್ಲ, ಇದನ್ನು ಯಾರೊಡನೆ ಕೂತು ಕುಡಿಯತಕ್ಕದ್ದೆಂಬ ಪ್ರಶ್ನೆ ಅದರ ಬೆನ್ನಹಿಂದೆಯೇ ಬಂದಿದೆ. ಚೀನದಲ್ಲಿ 8ನೆಯ ಶತಮಾನದ ಲು ಯು ಎಂಬ ಪಂಡಿತನು ಚಹದ ವಿಷಯವಾಗಿಯೇ ಒಂದು ಗ್ರಂಥವನ್ನು ಬರೆದನು. ಆ ದೇಶದಿಂದ ಗಿಡದ ಎಲೆಯೊಡನೆ ಅದರ ಹೆಸರೂ ಎರಡು ದಾರಿಗಳಲ್ಲಿ ಹೊರಟಿತು. ನೆಲದ ಮಾರ್ಗವಾಗಿ ಪಾರಸಿಯ ಮೂಲಕ ಬಂದದ್ದು 'ಚಾಯ್' ಆಯಿತು. ಫೂಜಿಯಾನ್ ಕರಾವಳಿಯ ಮಾತಿನಿಂದ ಡಚ್ಚರ ಹಡಗನ್ನೇರಿ ಯುರೋಪಿಗೆ ಹೋದದ್ದು 'ಟೀ' ಆಯಿತು. ಕನ್ನಡನಾಡಿಗೆ ಎರಡೂ ಬಂದಿವೆ. ಧಾರವಾಡ, ಕಲಬುರಗಿಗಳ ಕಡೆ 'ಚಹಾ' ಎಂದರೆ, ಹಳೆಯ ಮೈಸೂರಿನ ಸೀಮೆಯಲ್ಲಿ 'ಟೀ' ಎನ್ನುತ್ತಾರೆ. ಇಂದು ಈ ಎರಡು ಮಾತುಗಳೂ ಯಲಹಂಕದಲ್ಲಿ ಕೂಡುತ್ತವೆ. ಏಕೆಂದರೆ ಅಲ್ಲಿ ಏಳುತ್ತಿರುವ ಕಟ್ಟಡಗಳಿಗೆ ಕಲ್ಲು ಮಣ್ಣು ಹೊರಲು ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಿಂದ ಸಂಸಾರಸಮೇತ ಬಂದ ಜನರುಂಟು. ಗಂಡಸರು ಕಟ್ಟಡಕ್ಕೆ ಹೋದರೆ ಹೆಂಗಸರಲ್ಲಿ ಕೆಲವರು ಮನೆಗೆಲಸಕ್ಕೆ ಹೋಗುತ್ತಾರೆ. ಅವರ ಊರಿನಲ್ಲಿ ಬಾಗಿಲಿಗೆ ಬಂದವರಿಗೆ ಆಡುವ ಮೊದಲ ಮಾತೇ 'ಚಾ ಕುಡದ ಹೋಗ್ರಿ' ಎಂಬುದು. ಬಂದವರನ್ನು ಚಹಾ ಕೊಡದೆ ಕಳುಹಿಸಿದರೆ ಮನೆಯ ಮರ್ಯಾದೆ ಹೋಯಿತೆಂದು ತಿಳಿಯುವ ನಾಡಿನ ಹೆಣ್ಣುಮಗಳು, ಇಲ್ಲಿ ಒಡಕು ಲೋಟವನ್ನು ಹಿಡಿದು ಬಚ್ಚಲ ಬಳಿ ನಿಲ್ಲುತ್ತಾಳೆ.

ಜಪಾನಿನಲ್ಲಿ ಸೆನ್ ನೊ ರಿಕ್ಯು ಎಂಬಾತನು (1522–1591) ಚಹಾಗೋಷ್ಠಿಯನ್ನು ಒಂದು ಸಾಧನೆಯ ಮಟ್ಟಕ್ಕೆ ಏರಿಸಿದನು. ಆತನ ಸಂಪ್ರದಾಯದ ಚಹಾಮಂದಿರಕ್ಕೆ ಬಾಗಿಲು ಬಹಳ ಚಿಕ್ಕದು. ಎಂಥ ಶೂರನಾದರೂ ಕತ್ತಿಯನ್ನು ಹೊರಗಿಟ್ಟು, ತಲೆ ಬಾಗಿ, ಮೊಣಕಾಲೂರಿ ಒಳಗೆ ಹೋಗಬೇಕು. ಒಳಗೆ ಹೋದಮೇಲೆ ಒಂದೇ ಬಟ್ಟಲಿನ ಗಟ್ಟಿ ಚಹವನ್ನು ಅತಿಥಿಗಳೆಲ್ಲ ಒಬ್ಬರಾದಮೇಲೊಬ್ಬರು ಕುಡಿಯುವುದುಂಟು. ಆ ಸಮಾನತೆಯು ಕೋಣೆಯ ಹೊರಗೆ ಬಾಳಲಿಲ್ಲವೆಂಬುದನ್ನೂ ಹೇಳತಕ್ಕದ್ದೇ. ರಿಕ್ಯುವಿನ ಒಡೆಯನಾದ ಟೊಯೊಟೊಮಿ ಹಿದೆಯೋಶಿಯೇ 1591ರಲ್ಲಿ ಆತನಿಗೆ ಪ್ರಾಣತ್ಯಾಗದ ಆಜ್ಞೆಯನ್ನು ವಿಧಿಸಿದನು. ಆದರೂ ಬಟ್ಟಲು ಕೈಯಲ್ಲಿರುವಷ್ಟು ಹೊತ್ತಾದರೂ ಮೇಲುಕೀಳು ಇರಬಾರದೆಂಬ ಭಾವನೆಯು ಆ ಚಿಕ್ಕ ಬಾಗಿಲಿನ ರೂಪದಲ್ಲಿ ಇಂದಿಗೂ ನಿಂತಿದೆ.

ಇಂಗ್ಲೆಂಡಿನ ಕಥೆ ಬೇರೆ. 1662ರಲ್ಲಿ ಎರಡನೆಯ ಚಾರ್ಲ್ಸನನ್ನು ಮದುವೆಯಾಗಿ ಬಂದ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳಿಂದ ಅಲ್ಲಿಯ ಅರಮನೆಯಲ್ಲಿ ಚಹಕ್ಕೆ ಗೌರವ ಬಂತು. ಮುಂದಿನ ಶತಮಾನದಲ್ಲಿ ಸಿರಿವಂತರ ಮನೆಯ ಚಹದ ಪೆಟ್ಟಿಗೆಗೆ ಬೀಗವಿತ್ತು, ಬೀಗದ ಕೈ ಯಜಮಾನಿಯ ಸೊಂಟದಲ್ಲಿತ್ತು. ಒಡೆಯರು ಕುದಿಸಿ ಬಿಟ್ಟ ಎಲೆಯು ಸೇವಕರ ಪಾಲಿಗೆ ಬರುತ್ತಿತ್ತು. ಇದನ್ನು ಓದಿ ನಗುವವರು ತಮ್ಮ ಅಡಿಗೆಮನೆಯ ಕಡೆ ಒಮ್ಮೆ ನೋಡಿಕೊಳ್ಳಬೇಕು. ಮೊದಲನೆಯ ಡಿಕಾಕ್ಷನ್ ಮನೆಯವರಿಗೆ, ಅದೇ ಪುಡಿಯ ಮೇಲೆ ಮತ್ತೆ ನೀರು ಹೊಯ್ದು ಇಳಿಸಿದ ಎರಡನೆಯ ಡಿಕಾಕ್ಷನ್ ಕೆಲಸದವಳಿಗೆ ಎಂಬ ಪದ್ಧತಿಯು ಕಾಫಿಯ ನಾಡಿನಲ್ಲಿ ಅಪರಿಚಿತವೇನಲ್ಲ. ಇಂಗ್ಲೆಂಡಿನಲ್ಲಾದರೋ 1784ರಲ್ಲಿ ಚಹದ ಮೇಲಿನ ಸುಂಕವನ್ನು ಬಹಳವಾಗಿ ಇಳಿಸಿದ ಮೇಲೆ ಅದು ಕೂಲಿಯವನ ಮನೆಗೂ ಇಳಿಯಿತು. ಪೆಟ್ಟಿಗೆಯ ಬೀಗವು ಕ್ರಮೇಣ ಬರಿಯ ಅಲಂಕಾರವಾಯಿತು.

ಭಾರತದಲ್ಲಿ ಚಹವು ಬೆಳೆದ ನೆಲದ ಕಥೆಯಂತೂ ಕಣ್ಣೀರಿನದು. ಅಸ್ಸಾಮಿನ ತೋಟಗಳಿಗೆ ಛೋಟಾ ನಾಗಪುರವೇ ಮೊದಲಾದ ಕಡೆಗಳಿಂದ ಕರಾರಿನ ಮೇಲೆ ಕರೆದೊಯ್ದ ಕೂಲಿಗಳು ತೋಟ ಬಿಟ್ಟು ಓಡಿದರೆ, ಅವರನ್ನು ಹಿಡಿಯುವ ಅಧಿಕಾರವನ್ನು 19ನೆಯ ಶತಮಾನದ ಕಾನೂನುಗಳು ತೋಟಗಾರರಿಗೇ ಕೊಟ್ಟಿದ್ದವು. 1921ರಲ್ಲಿ ಚರ್ಗೋಲಾ ಕಣಿವೆಯ ತೋಟಗಳಿಂದ ಸಾವಿರಾರು ಕೂಲಿಗಳು ಊರಿಗೆ ಹೋಗುವೆವೆಂದು ಹೊರಟುಬಿಟ್ಟರು. ಚಾಂದಪುರದಲ್ಲಿ ಅವರ ಮೇಲೆ ಸೈನಿಕರನ್ನು ಬಿಡಲಾಯಿತು. ಹೀಗೆ ಬೆಳೆದ ಚಹವನ್ನು ಭಾರತೀಯರಿಗೇ ಮಾರಬೇಕೆಂದು ತೋಟಗಾರರು ಹವಣಿಸಿದರು. 1903ರ ಕಾಯಿದೆಯಿಂದ ಚಹದ ರಫ್ತಿನ ಮೇಲೆ ಕೂಡಿಬಂದ ಹಣವು ಪ್ರಚಾರಕ್ಕೆ ಬಳಕೆಯಾಯಿತು; ರೈಲ್ವೆ ನಿಲ್ದಾಣಗಳಲ್ಲಿ, ಗಿರಣಿಗಳಲ್ಲಿ, ಸಂತೆಗಳಲ್ಲಿ ಚಹದ ರುಚಿ ಹತ್ತಿಸಿದರು. ಆದುದರಿಂದ ಟೀಯು ಮಡಿಯ ಶಾಸ್ತ್ರದೊಡನೆ ಹುಟ್ಟಿ ಬಂದ ಪಾನೀಯವೆಂದು ಯಾರೂ ಹೇಳುವಂತಿಲ್ಲ. ಯಾವ ಸ್ಮೃತಿಯಲ್ಲಿಯೂ ಅದರ ಹೆಸರಿಲ್ಲ. ಪಾನೀಯ ಹೊಸದು, ಅದಕ್ಕೆ ಹಿಡಿದ ಲೋಟದ ಭೇದ ಮಾತ್ರ ಹಳೆಯದು.

ಆ ಭೇದವನ್ನು ರೈಲ್ವೆ ನಿಲ್ದಾಣಗಳೇ ಎತ್ತಿ ತೋರಿಸಿದವು. ಸ್ವಾತಂತ್ರ್ಯಕ್ಕೆ ಮುಂಚೆ ಉತ್ತರ ಭಾರತದ ನಿಲ್ದಾಣಗಳಲ್ಲಿ 'ಹಿಂದೂ ಚಹಾ', 'ಮುಸಲ್ಮಾನ ಚಹಾ' ಎಂದು ಕೂಗಿ ಬೇರೆ ಬೇರೆಯಾಗಿ ಮಾರುತ್ತಿದ್ದರು. ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಸೇನೆಯ ಯೋಧರು 1945–46ರ ಮೊಕದ್ದಮೆಗಳ ಕಾಲದಲ್ಲಿ ದಿಲ್ಲಿಯಲ್ಲಿ ಸೆರೆಯಲ್ಲಿದ್ದಾಗ, ಅವರಿಗೂ ಇದೇ ರೀತಿಯಲ್ಲಿ ಎರಡು ಚಹಾ ಬರುತ್ತಿತ್ತು. ತಮ್ಮನ್ನು ನೋಡಲು ಬಂದ ಗಾಂಧೀಜಿಗೆ ಅವರು ಈ ವಿಷಯವನ್ನು ತಿಳಿಸಿದರು. ತಾವು ಎರಡನ್ನೂ ಅರ್ಧರ್ಧ ಬೆರೆಸಿ ಎಲ್ಲರಿಗೂ ಹಂಚಿಬಿಡುತ್ತೇವೆಂದು ಹೇಳಿದರು. ಗಾಂಧೀಜಿ ಕೇಳಿ ಸಂತೋಷಪಟ್ಟರು. ನೇಣಿನ ಭಯವನ್ನು ಎದುರಿಗಿಟ್ಟುಕೊಂಡ ಸೆರೆಯಾಳುಗಳು ಒಂದು ಕ್ಷಣದಲ್ಲಿ ಮಾಡಿದ ಈ ಕೆಲಸವನ್ನು, ಯಾವ ಭಯವೂ ಇಲ್ಲದ ಗೃಹಸ್ಥರು ಇಷ್ಟು ವರ್ಷಗಳಾದರೂ ಮಾಡದಿರುವುದು ಸೋಜಿಗವಲ್ಲವೆ?

1950ರ ಜನವರಿ 26ರಿಂದ ಜಾರಿಯಲ್ಲಿರುವ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿ, ಯಾವ ರೂಪದಲ್ಲಿಯೂ ಅದನ್ನು ಆಚರಿಸಕೂಡದೆಂದು ವಿಧಿಸಿತು. 15ನೆಯ ವಿಧಿಯು ಅಂಗಡಿ ಹೋಟೆಲುಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. 1955ರ ಕಾಯಿದೆಯು, ಹೋಟೆಲಿನಲ್ಲಿ ಇರಿಸಿದ ಪಾತ್ರೆಯನ್ನು ಬಳಸದಂತೆ ಅಸ್ಪೃಶ್ಯತೆಯ ಕಾರಣದಿಂದ ಒಬ್ಬನನ್ನು ತಡೆಯುವುದು ಅಪರಾಧವೆಂದು ಹೇಳಿತು. ಇಷ್ಟಾದರೂ ಹಳ್ಳಿಗಳ ಕೆಲವು ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟವಿಡುವ ಪದ್ಧತಿಯು ಬಹುಕಾಲ ಉಳಿದು ಬಂದಿತು. ಅಲ್ಲಲ್ಲಿ ಈಗಲೂ ಬೆಳಕಿಗೆ ಬರುತ್ತದೆ. ಪತ್ರಿಕೆಯಲ್ಲಿ ಅಂಥ ಸುದ್ದಿಯನ್ನು ಓದಿದ ನಗರದ ಸುಶಿಕ್ಷಿತನು 'ಎಂಥ ಅನಾಗರಿಕ ಜನ' ಎಂದು ತಲೆ ಕೊಡಹುತ್ತಾನೆ. ಕೈಯಲ್ಲಿ ಪತ್ರಿಕೆ, ಮೇಜಿನ ಮೇಲೆ ಪಿಂಗಾಣಿಯ ಕಪ್ಪು. ಹತ್ತು ಅಡಿ ದೂರದಲ್ಲಿ, ಕಿಟಕಿಯ ಮೇಲೆ, ಆ ಹಳ್ಳಿಯ ಲೋಟದ ಒಡಹುಟ್ಟು.

ಇದನ್ನು ಎತ್ತಿ ಹೇಳಿದರೆ ಬರುವ ಸಮಾಧಾನಗಳು ನಾಲ್ಕೈದು. ಅವುಗಳನ್ನು ಒಂದೊಂದಾಗಿ ವಿಚಾರಿಸುವುದು ಯುಕ್ತ.

ಮೊದಲನೆಯದು, ಇದು ಶುಚಿತ್ವಕ್ಕಾಗಿ ಎಂಬ ಮಾತು. ಅವಳು ನಾಲ್ಕು ಮನೆ ಸುತ್ತಿ ಬರುತ್ತಾಳೆ, ರೋಗರುಜಿನದ ಕಾಲ, ಎಚ್ಚರ ಬೇಡವೆ ಎಂದು ಕೇಳುತ್ತಾರೆ. ಎಚ್ಚರ ಬೇಕು. ಆದರೆ ಆ ಮನೆಯ ತಟ್ಟೆ, ಲೋಟ, ಚಮಚ, ಮಗುವಿನ ಹಾಲಿನ ಬಟ್ಟಲು, ಎಲ್ಲವನ್ನೂ ದಿನಕ್ಕೆ ಎರಡು ಸಲ ತೊಳೆಯುತ್ತಿರುವ ಕೈ ಯಾವುದು? ಆ ಕೈ ಅಶುಚಿಯಾದರೆ ಮನೆಯಲ್ಲಿ ಶುಚಿಯಾದ ಲೋಟ ಒಂದೂ ಉಳಿಯದು. ಆ ಕೈ ಶುಚಿಯಾದರೆ ಅವಳು ಕುಡಿದ ಲೋಟವನ್ನು ಶುಚಿಮಾಡಲು ಅದೇ ಕೈ ಸಾಕು. ಇದಲ್ಲದೆ, ಇದೇ ಗೃಹಸ್ಥನು ಹೆಬ್ಬಾಳದ ರಸ್ತೆಬದಿಯಲ್ಲಿ ವಾಹನ ನಿಲ್ಲಿಸಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದ ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಾನೆ. ತನಗೆ ಮೊದಲು ಆ ಲೋಟವನ್ನು ತುಟಿಗಿಟ್ಟವರು ಯಾರು, ಎಷ್ಟು ಜನ ಎಂದು ಕೇಳುವುದಿಲ್ಲ. ನೂರು ಮಂದಿ ಅಪರಿಚಿತರ ಎಂಜಲಿಗೆ ಹೆದರದವನು ವರ್ಷಗಟ್ಟಲೆ ಕಂಡು ಬಲ್ಲ ಒಬ್ಬಳಿಗೆ ಹೆದರುತ್ತಾನೆಂದರೆ, ಆ ಹೆದರಿಕೆಗೆ ವೈದ್ಯಶಾಸ್ತ್ರದಲ್ಲಿ ಹೆಸರಿಲ್ಲ.

2020ರ ಸಾಂಕ್ರಾಮಿಕ ರೋಗದ ತರುವಾಯ ಕೆಲವರು ಇನ್ನೊಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಅವಳಿಗೆಂದು ಕಾಗದದ ಲೋಟಗಳ ಕಟ್ಟೊಂದನ್ನು ತಂದಿಡುತ್ತಾರೆ. ಒಡಕು ಲೋಟ ಕಣ್ಣಿಗೆ ಕಾಣಿಸುತ್ತಿತ್ತು, ಒಂದು ದಿನ ಮನಸ್ಸನ್ನು ಚುಚ್ಚಲೂಬಹುದಾಗಿತ್ತು. ಕಾಗದದ ಲೋಟ ಕಸದ ಬುಟ್ಟಿಗೆ ಬಿದ್ದು ಮಾಯವಾಗುತ್ತದೆ. ರೋಗದ ಭಯ ನಿಜವಾಗಿದ್ದರೆ, ಮನೆಗೆ ಬಂದ ನೆಂಟರಿಗೂ ಅದೇ ಕಾಗದದ ಲೋಟ ಬರಬೇಕಾಗಿತ್ತು.

ಎರಡನೆಯ ಸಮಾಧಾನ, ಅವಳ ಜಾತಿ ಯಾವುದೆಂದು ಕೇಳಿಯೇ ಇಲ್ಲ, ಆದುದರಿಂದ ಇದು ಜಾತಿಭೇದವಲ್ಲ ಎಂಬುದು. ಕೇಳಿಲ್ಲವೆಂಬುದು ನಿಜವಿರಬಹುದು. ನಗರವಾಸವು ಜಾತಿಯನ್ನು ಕೇಳದೆಯೇ ಆಚರಿಸುವ ವಿದ್ಯೆಯನ್ನು ಕಲಿಸಿದೆ. ಹಿಂದೆ ಕೆಲವು ಜಾತಿಗಳಿಗೆ ಇಟ್ಟಿದ್ದ ಲೋಟವನ್ನು ಈಗ ಕೂಲಿಮಾಡಿ ಬದುಕುವವರಿಗೆಲ್ಲ ಇಟ್ಟಿದ್ದಾರೆ. ಹೀಗೆ ರೋಗವು ಇಳಿಯದೆ ಊರಿಗೆಲ್ಲ ಹರಡಿತು.

ಮೂರನೆಯದು, ಅವಳೇ ಬೇಡವೆನ್ನುತ್ತಾಳೆ, ಕುರ್ಚಿ ತೋರಿಸಿದರೂ ಕೂರುವುದಿಲ್ಲ ಎಂಬುದು. ಇದೂ ನಿಜವೇ. ಹತ್ತು ಮನೆಗಳಲ್ಲಿ ನಿಲ್ಲಿಸಿದವಳು ಹನ್ನೊಂದನೆಯ ಮನೆಯಲ್ಲಿ ತಾನಾಗಿಯೇ ನಿಲ್ಲುತ್ತಾಳೆ. ಕೆಲಸ ಹೋದೀತೆಂಬ ಭಯವಿರುವವರ ಸಮ್ಮತಿಯನ್ನು ಸಮ್ಮತಿಯೆಂದು ಎಣಿಸುವುದು ನ್ಯಾಯವಲ್ಲ. ಒಂದು ಸಲ ಕರೆದು ಸುಮ್ಮನಾಗುವುದು ಕರೆದಂತೆ ಆಗದು. ನೆಂಟರು 'ಬೇಡ' ಎಂದರೆ ಮೂರು ಸಲ ಒತ್ತಾಯಮಾಡಿ ಬಡಿಸುವುದು ಈ ನಾಡಿನ ಪದ್ಧತಿಯಾಗಿರಲು, ಆ ಪದ್ಧತಿ ಇವಳ ವಿಷಯದಲ್ಲಿ ಮಾತ್ರ ಮೊದಲನೆಯ 'ಬೇಡ'ಕ್ಕೆ ಮುಗಿಯುವುದೇಕೆ?

ನಾಲ್ಕನೆಯದು, ಟೀ ಕೊಡುವುದೇ ದೊಡ್ಡತನ. ಕೊಡದ ಮನೆಗಳೂ ಇವೆಯಲ್ಲ ಎಂಬುದು. 2004ರಲ್ಲಿ ಕರ್ನಾಟಕ ಸರಕಾರವು ಮನೆಗೆಲಸವನ್ನು ಕನಿಷ್ಠ ವೇತನದ ವ್ಯವಸ್ಥೆಗೆ ಸೇರಿಸಿತು. ಅಂದಮೇಲೆ ಅವಳು ದುಡಿಮೆಗೆ ಕೂಲಿ ಪಡೆಯುವ ಕೆಲಸಗಾರ್ತಿ, ಭಿಕ್ಷೆಗೆ ಬಂದವಳಲ್ಲ. ಅವಳಿಗೆ ಟೀ ಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಕೊಡುವುದಾದರೆ ಅದು ಉಪಚಾರವಾಗಬೇಕು. ಉಪಚಾರದ ಜೊತೆಯಲ್ಲಿಯೇ 'ನಿನ್ನ ಸ್ಥಳ ಇದು' ಎಂದು ತೋರಿಸುವುದಾದರೆ, ಆ ಟೀಗೆ ಹಾಕಿದ ಸಕ್ಕರೆ ವ್ಯರ್ಥ.

ಕೊನೆಯದು, ತಮ್ಮ ಮನೆ, ತಮ್ಮ ಲೋಟ, ಕೇಳುವವರಾರು ಎಂಬುದು. ಕಾನೂನಿನ ಅಧಿಕಾರಿಯು ಅಡಿಗೆಮನೆಯ ಗೂಡುಗಳನ್ನು ಎಣಿಸಲು ಬರುವುದಿಲ್ಲವೆಂಬುದು ದಿಟ. ಆದರೆ ಕೇಳುವವರು ಮನೆಯಲ್ಲಿಯೇ ಇದ್ದಾರೆ. ಆರೇಳು ವರ್ಷದ ಮಗುವೊಂದು ಬಾಯಾರಿ ಬಂದು ಕಿಟಕಿಯ ಮೇಲಿನ ಲೋಟಕ್ಕೆ ಕೈಹಾಕುತ್ತದೆ. 'ಅದು ಬೇಡ, ಅದು ಅವಳದು' ಎಂದು ಅಮ್ಮನೋ ಅಜ್ಜಿಯೋ ಕೂಗುತ್ತಾರೆ. ಮಗು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಆ ಒಂದು ಕ್ಷಣದಲ್ಲಿ ಅದು ಕಲಿತ ಪಾಠವನ್ನು ಶಾಲೆಯ ಪುಸ್ತಕ ಹತ್ತು ವರ್ಷ ಸಮಾನತೆಯನ್ನು ಬೋಧಿಸಿದರೂ ಅಳಿಸಲಾರದು. ಅದೇ ಮಗುವಿಗೆ ಬಸವಣ್ಣನವರ ವಚನಗಳನ್ನು ಬಾಯಿಪಾಠ ಮಾಡಿಸಿ ಜಯಂತಿಯ ದಿನ ವೇದಿಕೆಗೆ ಏರಿಸುತ್ತಾರೆ. ಮನುಷ್ಯಕುಲ ಒಂದೇ ಎಂದು ಪಂಪನು ಸಾವಿರ ವರ್ಷಗಳ ಹಿಂದೆಯೇ ಸಾರಿದನೆಂದು ಹೆಮ್ಮೆಯಿಂದ ಹೇಳಿಕೊಡುತ್ತಾರೆ. ಮಕ್ಕಳು ಬುದ್ಧಿವಂತರು. ವಚನವು ವೇದಿಕೆಗೆ, ಲೋಟವು ಮನೆಗೆ ಎಂಬುದನ್ನು ಅವರು ಬೇಗನೆ ಗ್ರಹಿಸುತ್ತಾರೆ. ಸಾಹಿತ್ಯವನ್ನು ಹೀಗೆ ಸುಳ್ಳು ಮಾಡುವುದಕ್ಕಿಂತ ಓದಿಸದೆ ಇರುವುದು ಮೇಲು.

ಬೀದಿಯ ಟೀ ಅಂಗಡಿಯವನೇನು ಸಮಾಜಸುಧಾರಕನೆ, ಗಿರಾಕಿಯ ಕಾಸಿಗಾಗಿ ಎಲ್ಲರಿಗೂ ಒಂದೇ ಲೋಟ ಕೊಡುತ್ತಾನೆ ಎಂದು ಆಕ್ಷೇಪಿಸುವವರು ಉಂಟು. ಒಪ್ಪತಕ್ಕ ಮಾತೇ. ಅವನು ಮಾಡುವುದು ವ್ಯಾಪಾರ. ಆದರೆ ಕಾಸಿನ ಆಸೆಯೊಂದರಿಂದ ಸಾಧ್ಯವಾದ ನಡತೆಯು ವಿದ್ಯೆ, ಸಂಸ್ಕಾರ, ದೈವಭಕ್ತಿ ಎಲ್ಲವೂ ಕೂಡಿದ ಮನೆಯಲ್ಲಿ ಸಾಧ್ಯವಾಗದಿದ್ದರೆ, ಕುಂದು ಯಾರದು?

ಆರ್.ಟಿ. ನಗರವೆಂಬ ಹೆಸರಿನ ಎರಡು ಅಕ್ಷರಗಳಲ್ಲಿ ರವೀಂದ್ರನಾಥ ಠಾಕೂರರು ಅಡಗಿದ್ದಾರೆಂಬುದು ಅಲ್ಲಿಯ ನಿವಾಸಿಗಳಲ್ಲಿ ಎಷ್ಟೋ ಜನಕ್ಕೆ ನೆನಪಿಲ್ಲ. ಆ ಕವಿಯು 1924ರಲ್ಲಿ ಚೀನದ ಪ್ರವಾಸ ಮುಗಿಸಿ ಬಂದು ಶಾಂತಿನಿಕೇತನದಲ್ಲಿ ಒಂದು 'ಚಾ-ಚಕ್ರ'ವನ್ನು ಏರ್ಪಡಿಸಿದರು. ಚಹಾ ಕುಡಿಯುತ್ತ ಎಲ್ಲರೂ ಕೂಡಿ ಮಾತಾಡಲೆಂದು ಮಾಡಿದ ಗೋಷ್ಠಿ ಅದು. ಚಕ್ರದಲ್ಲಿ ಕೂತವರಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಆ ಹೆಸರನ್ನು ಹೊತ್ತ ಬಡಾವಣೆಯ ಮನೆಗಳಿಂದ ಇಂಥದೊಂದು ಚಕ್ರ ಆರಂಭವಾದರೆ ಹೆಸರು ಸಾರ್ಥಕವಾಗುವುದು.

ಅದಕ್ಕೆ ಸಭೆ ಕೂಡಿಸಬೇಕಾಗಿಲ್ಲ, ಚಂದಾ ಎತ್ತಬೇಕಾಗಿಲ್ಲ. ನಾಳೆ ಬೆಳಿಗ್ಗೆ ಕಿಟಕಿಯ ಮೇಲಿನ ಒಡಕು ಲೋಟವನ್ನು ಕಸಕ್ಕೆ ಹಾಕಿ, ಮನೆಯವರ ಸಾಲಿನಿಂದ ಒಂದನ್ನು ತೆಗೆದು, ಮನೆಯವರಿಗೆ ಹೊಯ್ದ ಟೀಯನ್ನೇ ಅದಕ್ಕೂ ಹೊಯ್ದರೆ ಆಯಿತು. ಮೊದಲ ದಿನ 'ಇದ್ಯಾಕಕ್ಕಾ, ನನ್ನ ಲೋಟ ಎಲ್ಲಿ?' ಎಂದು ಅವಳೇ ಕೇಳಬಹುದು. 'ಒಡೆದುಹೋಯ್ತಮ್ಮಾ, ಕೂತ್ಕೊಂಡು ಕುಡಿ' ಎಂದರೆ ಸಾಕು. ಆಮೇಲೆ ಆ ಲೋಟವನ್ನು ತೊಳೆದು ಅದೇ ಸಾಲಿನಲ್ಲಿ ಬೋರಲು ಹಾಕಿದರೆ, ಸಂಜೆಯ ಹೊತ್ತಿಗೆ ಅದು ಯಾರದೆಂದು ಗುರುತು ಸಿಕ್ಕದು.